ಏಜೆಂಟನ್ನ ಕೆಲಸಕ್ಕ ಹಚ್ಚೂದು ಬಿಕಾಂ ಮಂದಿ ಕೆಲಸ

ಭಾಗ 1/8

ದೋಸ್ತರ, ಇದು ಎಂಟು ಭಾಗದ ಸರಣಿ. ಕಂಪ್ಯೂಟರ್ ಸೈನ್ಸ್‌ನವರು ಓದಿದರೆ ಬೇಡ ಅನ್ನಲ್ಲ, ಆದರೆ ಬರೆದಿದ್ದು ನಮ್ಮ ಬಿಕಾಂ ಮಂದಿಗೆ. ಸೇವ್ ಮಾಡಿಟ್ಕೊಳ್ರಿ.

‘ಎಐ ಏಜೆಂಟ್’ ಅನ್ನೋ ಮಾತು ಈಗ ಎಲ್ಲಾ ರೀಲ್‌ನಾಗೂ ಐತಿ. ಮೊದಲು ಅದೇನು ಅಂತ ಸರಳವಾಗಿ ಹೇಳ್ತೀನಿ. ಚಾಟ್‌ಬಾಟ್‌ಗೆ ನೀವು ಪ್ರಶ್ನೆ ಕೇಳ್ತೀರಿ, ಅದು ಉತ್ತರ ಕೊಡ್ತದೆ, ಅಲ್ಲಿಗೆ ಮುಗೀತು. ಏಜೆಂಟ್ ಹಂಗಲ್ಲ. ಅದು ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರ್ ಒಳಗೆ ಹೋಗಿ ಕಡತ ತೆಗೆದು ಓದುತ್ತದೆ, ಹೊಸ ಕಡತ ಬರೆಯುತ್ತದೆ, ಕಮಾಂಡ್ ಓಡಿಸುತ್ತದೆ, ಬಂದ ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಇಡುತ್ತದೆ. ಕ್ಲಾಡ್ ಕೋಡ್, ಗಿಟ್‌ಹಬ್ ಕೋಪೈಲಟ್, ಕೋಡೆಕ್ಸ್, ಕರ್ಸರ್ ಇವೆಲ್ಲ ಇಂಥವೇ. ಹುಟ್ಟಿದ್ದು ಕೋಡ್ ಬರೆಯೋರ ಸಲುವಾಗಿ.

ಇವುಗಳಲ್ಲಿ ಒಂದು ಸೌಲಭ್ಯ ಐತಿ. ಎಲ್ಲಾ ಕೆಲಸಕ್ಕೂ ಒಬ್ಬನೇ ಏಜೆಂಟ್ ಬೇಕಂತಿಲ್ಲ. ಒಂದು ಕೋಡ್ ಪರೀಕ್ಷೆ ಮಾಡೋದು, ಇನ್ನೊಂದು ತಪ್ಪು ಹುಡುಕೋದು, ಮತ್ತೊಂದು ಬರೀ ಡಾಕ್ಯುಮೆಂಟೇಷನ್ ಬರೆಯೋದು ಅಂತ ಬೇರೆ ಬೇರೆ ಮಾಡಬಹುದು. ಡಾಕ್ಯುಮೆಂಟೇಷನ್ ಅಂದ್ರ ಕೈಪಿಡಿ: ಈ ಸಾಫ್ಟ್‌ವೇರ್ ಏನು ಮಾಡುತ್ತೆ, ಹೆಂಗ ಮಾಡುತ್ತೆ, ಕೆಟ್ಟರೆ ಏನು ಮಾಡಬೇಕು.

ಅಂಥ ಏಜೆಂಟ್ ತಯಾರು ಮಾಡಲಿಕ್ಕೆ ಒಂದು ಸಾಲು ಕೋಡ್ ಬೇಕಾಗಿಲ್ಲ. ಬೇಕಾಗಿರೋದು ಒಂದು ಪುಟದ ಸಾದಾ ಬರಹ. ನೀನು ಯಾರು, ಏನು ಓದಬೇಕು, ಏನು ಬರೀಬೇಕು, ಏನು ಮುಟ್ಟಬಾರದು.

ನನ್ನ ಅಭಿಪ್ರಾಯ ಇಷ್ಟು: ನಮ್ಮ ಊರಿನ ಅಂಗಡಿ, ಸೊಸೈಟಿಗಳ ಲೆಕ್ಕದ ಸಾಫ್ಟ್‌ವೇರ್‌ಗೆ ಕೈಪಿಡಿ ಬರೆಸೋದಾದ್ರೆ ಆ ಒಂದು ಪುಟವನ್ನ ಬರೆಯಬೇಕಾದವರು ಕೋಡ್ ಬಲ್ಲವರಲ್ಲ, ಲೆಕ್ಕ ಬಲ್ಲವರು. ಅಂದ್ರ ನಾವು. ಅದನ್ನ ಬರೀಬೇಕಾದ್ದು ಕನ್ನಡದಾಗ.

ಭಾಗ 2/8

ಆ ಪುಟದಾಗ ಏನಿರತೈತಿ?

ಅಡತಿ ಅಂಗಡಿಗೆ ಹೊಸ ಗುಮಾಸ್ತ ಬಂದ ಅಂತ ಇಟ್ಟುಕೊಳ್ರಿ. ಹುಡುಗ ಭಾಳ ಶಾಣ್ಯಾ. ಓದ್ತಾನ, ಬರೀತಾನ, ದಣಿಯೂದಿಲ್ಲ. ಆದರೆ ನಿಮ್ಮ ಅಂಗಡಿ ಬಗ್ಗೆ ಏನೂ ಗೊತ್ತಿಲ್ಲ. ಸಾವಕಾರ ಅವನಿಗೆ ‘ಚಂದಂಗ ಕೆಲಸ ಮಾಡಪಾ’ ಅಂದು ಎದ್ದು ಹೋದರೆ ಏನಾಗುತ್ತೆ? ಅವನು ತನಗೆ ತೋಚಿದ್ದನ್ನ ಚಂದಂಗ ಮಾಡ್ತಾನ. ಸಂಜೀಕ ಬಂದು ನೋಡಿದರೆ ಎಲ್ಲಾ ಪುಸ್ತಕ ಅದಲು ಬದಲು.

ಏಜೆಂಟ್ ವಿಷಯದಾಗೂ ಇದೇ ಆಗೋದು. ‘ನೀನು ಒಬ್ಬ ಸಹಾಯಕ, ಒಳ್ಳೆ ಡಾಕ್ಯುಮೆಂಟೇಷನ್ ಬರೆ’ ಅಂತ ಬರೆದರೆ ಅದಕ್ಕೆ ಏನೂ ಹೇಳಿದಂಗ ಆಗಲಿಲ್ಲ.

2025ರಲ್ಲಿ ‘ಏಜೆಂಟ್ಸ್ ಡಾಟ್ ಎಂಡಿ’ ಅನ್ನೋ ಹೆಸರಿನ ಕಡತ ರೂಢಿಗೆ ಬಂತು. ಇದು ಮಾರ್ಕ್‌ಡೌನ್ ಕಡತ, ಅಂದ್ರ ನೋಟ್‌ಪ್ಯಾಡ್‌ನಲ್ಲೇ ಬರೆಯಬಹುದಾದ ಸಾದಾ ಪಠ್ಯ. ಬೇರೆ ಬೇರೆ ಕಂಪನಿಗಳ ಏಜೆಂಟ್‌ಗಳು ಇದೇ ಕಡತವನ್ನ ಓದುತ್ತವೆ. ಅದೇ ವರ್ಷ ನವೆಂಬರ್‌ನಲ್ಲಿ ಗಿಟ್‌ಹಬ್ ಇಂಥ 2,500ಕ್ಕೂ ಹೆಚ್ಚು ಕಡತ ನೋಡಿ, ಕೆಲಸಕ್ಕೆ ಬರೋ ಕಡತದಾಗ ಏನಿರುತ್ತೆ ಅಂತ ಪ್ರಕಟಿಸಿತು. ಸಾರಾಂಶ ಇದು: ಕೆಲಸ ನಿರ್ದಿಷ್ಟವಾಗಿರಬೇಕು, ಯಾವ ಫೋಲ್ಡರ್‌ನಲ್ಲಿ ಏನಿದೆ ಅಂತ ಹೇಳಿರಬೇಕು, ಉದ್ದನೆಯ ವಿವರಣೆಗಿಂತ ಒಂದು ನಿಜವಾದ ಮಾದರಿ ಕೊಡಬೇಕು, ಆಮೇಲೆ ಗಡಿ ಹಾಕಬೇಕು. ಗಡಿಯನ್ನ ಮೂರು ಥರ ಬರೀತಾರೆ: ಯಾವಾಗಲೂ ಮಾಡು, ಕೇಳಿ ಮಾಡು, ಎಂದೂ ಮಾಡಬೇಡ.

ಈ ಮೂರು ಸಾಲು ನೋಡಿದ ಕೂಡಲೇ ನನಗೆ ಆಡಿಟಿಂಗ್ ಪೇಪರ್ ನೆನಪಾತು. ಯಾಕಂತ ನಾಲ್ಕನೇ ಭಾಗದಾಗ ಹೇಳ್ತೀನಿ. ಅದಕ್ಕಿಂತ ಮೊದಲು, ಇದು ನಮ್ಮ ಊರಿಗೆ ಯಾಕ ಬೇಕು?

ಭಾಗ 3/8

ಬೈಲಹೊಂಗಲ ಹತ್ತಿಗೆ ಹೆಸರಾದ ಪ್ಯಾಟಿ. ಎಪಿಎಂಸಿ ಸುತ್ತ ಮುತ್ತ ಅಡತಿ ಅಂಗಡಿ, ಗೊಬ್ಬರದ ಅಂಗಡಿ, ಟ್ರಾನ್ಸ್‌ಪೋರ್ಟ್ ಆಫೀಸು. ಒಳಗೆ ಹೋಗಿ ನೋಡಿದರೆ ಕಂಪ್ಯೂಟರ್ ಮ್ಯಾಲೆ ಬಹಳ ಕಡೆ ಟ್ಯಾಲಿ. ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ 1986ರಲ್ಲಿ ಶುರು ಮಾಡಿದ್ದು. ಸೆಮಿಸ್ಟರ್ ರಜೆಯಾಗ ನಮ್ಮಲ್ಲಿ ಅರ್ಧ ಮಂದಿ ಅದರ ಕ್ಲಾಸಿಗೆ ಹೋಗಿದ್ದೀವಿ.

ಆದರೆ ಕ್ಲಾಸಿನಾಗ ಕಲಿತ ಟ್ಯಾಲಿ ಬೇರೆ, ಅಂಗಡಿಯಾಗ ಇರೋ ಟ್ಯಾಲಿ ಬೇರೆ. ಟ್ಯಾಲಿಗೆ ತನ್ನದೇ ಒಂದು ಭಾಷೆ ಐತಿ, ಟಿಡಿಎಲ್ ಅಂತ. ಅದರಾಗ ಬರೆದು ಟ್ಯಾಲಿಯ ಪರದೆ, ಬಿಲ್ಲು, ಲೆಕ್ಕದ ರೀತಿ ಬದಲಾಯಿಸಬಹುದು. ಹತ್ತಿ ಪಟ್ಟಿ ಹಿಂಗ ಬರಬೇಕು, ಹಮಾಲಿ ಇಲ್ಲಿ ಕೂಡಬೇಕು, ತೂಕದಾಗ ಇಷ್ಟು ಕಳೀಬೇಕು ಅಂತ ಸಾವಕಾರ ಹೇಳ್ತಾರ, ಯಾರೋ ಒಬ್ಬರು ಬಂದು ಬರೆದು ಕೊಡ್ತಾರ, ರೊಕ್ಕ ಇಸ್ಕೊಂಡು ಹೋಗ್ತಾರ. ಕೈಪಿಡಿ? ಒಂದು ಹಾಳಿನೂ ಇರೂದಿಲ್ಲ.

ಎರಡು ವರ್ಷ ಆದ ಮ್ಯಾಲೆ ಬರೆದಾತ ಫೋನ್ ಎತ್ತೂದಿಲ್ಲ. ಆ ಪಟ್ಟಿಯ ಕೆಳಗಿನ ಮೊತ್ತ ಹೆಂಗ ಬಂತು ಅಂತ ಮುನೀಮನಿಗೂ ಗೊತ್ತಿಲ್ಲ, ಸಾವಕಾರಗೂ ಗೊತ್ತಿಲ್ಲ. ‘ಕಂಪ್ಯೂಟರ್ ತಗೀತದ’ ಅಂತಾರ. ರೈತ ಕೇಳಿದರೂ ಅದೇ ಉತ್ತರ.

ಇಲ್ಲಿ ಏಜೆಂಟ್ ನಿಜವಾಗಿ ಉಪಯೋಗಕ್ಕೆ ಬರುತ್ತೆ. ಟಿಡಿಎಲ್ ಕಡತ ಅಂದ್ರ ಸಾದಾ ಪಠ್ಯ. ಏಜೆಂಟ್ ಅದನ್ನ ಸಾಲು ಸಾಲಾಗಿ ಓದಿ ಯಾವ ಮೊತ್ತ ಎಲ್ಲಿಂದ ಬಂತು ಅಂತ ಬರೆಯಬಲ್ಲದು. ಒಂದು ಎಚ್ಚರ: ಕೆಲವರು ಟಿಸಿಪಿ ಅನ್ನೋ ಮುಚ್ಚಿದ ರೂಪದ ಕಡತ ಕೊಟ್ಟಿರ್ತಾರ, ಅದನ್ನ ಯಾರೂ ಓದಲಿಕ್ಕೆ ಬರೂದಿಲ್ಲ. ಹೊಸದಾಗಿ ಮಾಡಿಸೋರು ಓದಲಿಕ್ಕೆ ಬರೋ ಮೂಲ ಕಡತಾನೂ ಕೊಡ್ರಿ ಅಂತ ಮೊದಲೇ ಮಾತಾಡಿಕೊಳ್ಳಬೇಕು.

ಭಾಗ 4/8

ಈಗ ಆಡಿಟಿಂಗ್ ಪೇಪರ್‌ಗೆ ಬರೋಣ.

‘ಇಂಟರ್ನಲ್ ಚೆಕ್’ ಪಾಠ ನೆನಪೈತಿ? ನಗದು ಇಸ್ಕೊಳ್ಳುವವನ ಕೈಗೆ ಲೆಡ್ಜರ್ ಕೊಡಬಾರದು. ಒಬ್ಬ ಮಾಡಿದ ಕೆಲಸ ಇನ್ನೊಬ್ಬನ ಕಣ್ಣಿಗೆ ತಾನಾಗೇ ಬೀಳೋ ಹಂಗ ಕೆಲಸ ಹಂಚಬೇಕು. ಐದು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದೀವಿ. ಏಜೆಂಟ್ ಪುಟದ ಅತಿ ಮುಖ್ಯ ಸಾಲು ಅದರಾಗೇ ಐತಿ ಅಂತೀನಿ ನಾನು.

ಕೈಪಿಡಿ ಬರೆಯೋ ಏಜೆಂಟ್‌ಗೆ ಕೋಡ್ ತಿದ್ದೋ ಅಧಿಕಾರ ಕೊಡಬಾರದು. ಯಾಕಂದ್ರ ಕೈಪಿಡಿಗೂ ಕೋಡಿಗೂ ಹೊಂದಾಣಿಕೆ ಆಗಲಿಲ್ಲ ಅಂದಾಗ ಅದು ಎರಡರಲ್ಲಿ ಒಂದನ್ನ ತಿದ್ದಿ ‘ಸರಿ ಮಾಡಿದೆ’ ಅಂದುಬಿಡಬಹುದು. ಕೋಡ್ ತಿದ್ದಿದರೆ ನಿಮ್ಮ ಲೆಕ್ಕ ಬದಲಾತು, ನಿಮಗೆ ಗೊತ್ತೇ ಆಗಲಿಲ್ಲ.

‘ಕೋಡ್ ಮುಟ್ಟಬೇಡ’ ಅಂತ ಬರೆದರೆ ಸಾಕೇನು? ಸಾಕಾಗಲ್ಲ. ಬರೆದಿದ್ದು ಸೂಚನೆ, ಕೀಲಿ ಅಲ್ಲ. ಕ್ಲಾಡ್ ಕೋಡ್‌ನಲ್ಲಿ ಪ್ರತಿ ಉಪ ಏಜೆಂಟ್‌ನ ಕಡತದ ತಲೆಯಾಗ ಹೆಸರು, ವಿವರಣೆ ಜೊತೆಗೆ ‘ಟೂಲ್ಸ್’ ಅನ್ನೋ ಒಂದು ಸಾಲು ಬರೆಯಬಹುದು. ಯಾವ ಉಪಕರಣ ಬಳಸಬಹುದು ಅಂತ ಅಲ್ಲಿ ಹೇಳೋದು. ಆ ಸಾಲು ಬಿಟ್ಟುಬಿಟ್ಟರೆ ಮುಖ್ಯ ಏಜೆಂಟ್‌ಗೆ ಇರೋ ಎಲ್ಲಾ ಉಪಕರಣ ಇದಕ್ಕೂ ಸಿಗ್ತಾವು. ಹೊಸ ಗುಮಾಸ್ತನ ಕೈಗೆ ತಿಜೋರಿ ಕೀಲಿಕೈ ಗೊಂಚಲು ಕೊಟ್ಟಂಗ.

ಇದಕ್ಕೂ ಸುಲಭದ ದಾರಿ ಇದೆ. ಅಸಲು ಕಡತವನ್ನ ಪೆನ್‌ಡ್ರೈವ್‌ನಾಗ ಇಟ್ಟುಕೊಳ್ರಿ. ನಕಲು ಮಾಡಿ ಒಂದು ಬೇರೆ ಫೋಲ್ಡರ್‌ನಾಗ ಹಾಕಿ ಏಜೆಂಟ್‌ಗೆ ಅಷ್ಟೇ ತೋರಸ್ರಿ. ಕೆಲಸ ಮುಗಿದ ಮೇಲೆ ಅಸಲೂ ನಕಲೂ ಹೋಲಿಸಿ ನೋಡ್ರಿ.

ಆ ಫೋಲ್ಡರ್‌ನಾಗ ಪಾರ್ಟಿಗಳ ಹೆಸರು, ಬ್ಯಾಂಕ್ ಖಾತೆ ನಂಬರು, ಪಾಸ್‌ವರ್ಡ್ ಇರಬಾರದು. ಈ ಏಜೆಂಟ್‌ಗಳು ಓದಿದ್ದು ಇಂಟರ್ನೆಟ್ ಮೂಲಕ ಕಂಪನಿ ಸರ್ವರ್‌ಗೆ ಹೋಗುತ್ತೆ. ಲೆಕ್ಕದ ನಿಯಮ ಕೊಡ್ರಿ, ಲೆಕ್ಕ ಕೊಡಬ್ಯಾಡ್ರಿ.

ಭಾಗ 5/8

ಈ ಭಾಗ ಸ್ವಲ್ಪ ನಿಧಾನ ಓದ್ರಿ. ಇಡೀ ಸರಣಿಯಲ್ಲಿ ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇದು.

ಕೋಡ್ ಓದಿ ಕೈಪಿಡಿ ಬರೆಯೋ ಏಜೆಂಟ್ ‘ಏನು ಆಗ್ತಾ ಇದೆ’ ಅಂತ ಹೇಳಬಲ್ಲದು. ‘ಏನು ಆಗಬೇಕಿತ್ತು’ ಅಂತ ಅದಕ್ಕೆ ಕೋಡ್‌ನಿಂದ ಗೊತ್ತಾಗಲ್ಲ. ಹಂಗಾಗಿ ತಪ್ಪು ಇದ್ದರೆ ಅದೇ ತಪ್ಪನ್ನ ಶುದ್ಧ ಭಾಷೆಯಲ್ಲಿ ನಿಯಮ ಮಾಡಿ ಬರೆದುಬಿಡುತ್ತೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ರೈತ 10 ಕ್ವಿಂಟಲ್ ಹತ್ತಿ ತಂದ, ಕ್ವಿಂಟಲ್‌ಗೆ 7,000 ರೂಪಾಯಿ, ಒಟ್ಟು 70,000. ಲೆಕ್ಕ ಸುಲಭ ಆಗಲಿ ಅಂತ ದಲಾಲಿ 2% ಅಂತ ಇಟ್ಟುಕೊಳ್ಳೋಣ: 1,400 ರೂಪಾಯಿ. ಕರ್ನಾಟಕದ ಎಪಿಎಂಸಿ ಕಾಯ್ದೆ ಪ್ರಕಾರ ದಲಾಲಿ ಕೊಡಬೇಕಾದವ ಖರೀದಿದಾರ. ರೈತನಿಂದ ಮುರಕೊಳ್ಳೋ ಹಂಗಿಲ್ಲ. ಈಗ ಯಾರೋ ಬರೆದ ಕೋಡ್ ಆ 1,400ನ್ನ ರೈತನ ಪಟ್ಟಿಯಿಂದ ಕಳೀತಾ ಇದ್ದರೆ? ಏಜೆಂಟ್ ಏನು ಬರೀತದ ಗೊತ್ತೇನು? ‘ದಲಾಲಿ ಮೊತ್ತವನ್ನು ಮಾರಾಟಗಾರರ ಪಾವತಿಯಿಂದ ಕಡಿತಗೊಳಿಸಲಾಗುತ್ತದೆ.’ ಎಷ್ಟು ಚಂದದ ವಾಕ್ಯ! ಪ್ರಿಂಟ್ ಹಾಕಿ ಕೌಂಟರ್ ಮ್ಯಾಲೆ ಅಂಟಿಸಿದರೆ ಇನ್ನ ಮ್ಯಾಲೆ ಅದೇ ಕಾನೂನು. ನಾಳೆ ಬಂದ ಹೊಸ ಗುಮಾಸ್ತ ‘ಪುಸ್ತಕದಾಗ ಹಿಂಗೈತ್ರಿ’ ಅಂತಾನ.

ಕೋಡ್ ಬರೆಯೋ ಹುಡುಗನಿಗೆ ಈ ವಾಕ್ಯದಾಗ ಏನೂ ತಪ್ಪು ಕಾಣೂದಿಲ್ಲ. ಬಿಸಿನೆಸ್ ಲಾ ಓದಿದ ನಿಮಗೆ, ಅಪ್ಪನ ಜೋಡಿ ಎಪಿಎಂಸಿಗೆ ಹೋಗಿ ಬಂದ ನಿಮಗೆ ಥಟ್ಟನೆ ಕಾಣುತ್ತೆ.

ಅದಕ್ಕ ಪುಟದಾಗ ಎರಡು ನಿಯಮ ಇರಲೇಬೇಕು. ಒಂದು, ವೋಚಿಂಗ್: ವೋಚರ್ ಇಲ್ಲದ ಎಂಟ್ರಿ ಇಲ್ಲ. ಕೈಪಿಡಿಯ ಪ್ರತಿ ಲೆಕ್ಕದ ವಾಕ್ಯದ ಮುಂದೆ ಯಾವ ಕಡತದ ಎಷ್ಟನೇ ಸಾಲಿನಿಂದ ಇದು ಬಂತು ಅಂತ ಬರೀಬೇಕು. ಎರಡು, ಆಡಿಟರ್‌ನ ಷರಾ: ಯಾರಿಂದ ಯಾರಿಗೆ ದುಡ್ಡು ಹೋಗುತ್ತೆ, ಯಾವ ಕಡಿತ, ಯಾವ ದರ ಅನ್ನೋ ಜಾಗದಾಗೆಲ್ಲ ‘ಕೋಡ್ ಹೀಗೆ ಮಾಡುತ್ತಿದೆ, ಇದು ಸರಿಯೇ ಎಂದು ಲೆಕ್ಕ ಬಲ್ಲವರು ನೋಡಬೇಕು’ ಅಂತ ಪ್ರತ್ಯೇಕ ಪಟ್ಟಿ ಮಾಡಿಕೊಡಬೇಕು. ಆ ಪಟ್ಟಿ ನೋಡೋ ಕೆಲಸ ಮನುಷ್ಯರದು.

ಭಾಗ 6/8

ಈಗ ಶಬ್ದಗಳ ಮಾತು.

ಏಜೆಂಟ್‌ಗೆ ‘ಕನ್ನಡದಲ್ಲಿ ಬರೆ’ ಅಂದರೆ ಬರೆಯುತ್ತೆ. ಆದರೆ ಎಂಥಾ ಕನ್ನಡ? ಅದನ್ನ ಹಿಡಿದು ನಿಲ್ಲಿಸದಿದ್ದರೆ ಒಂದೇ ಪುಟದಾಗ ಲೆಡ್ಜರ್ ಒಮ್ಮೆ ‘ಲೆಡ್ಜರ್’, ಒಮ್ಮೆ ‘ಖಾತೆ ಪುಸ್ತಕ’, ಒಮ್ಮೆ ‘ಲೆಕ್ಕಪತ್ರ ವಹಿ’ ಆಗಬಹುದು. ಓದೋ ಗುಮಾಸ್ತ ಮೂರೂ ಬೇರೆ ಬೇರೆ ಅಂದ್ಕೋತಾನ. ಬ್ಯಾಕಪ್‌ಗೆ ಏನೋ ಸಂಸ್ಕೃತದ ಉದ್ದ ಶಬ್ದ ಹಾಕಿದರೆ ಪರದೆಯಾಗ ಆ ಬಟನ್ ಹುಡುಕಿದರೂ ಸಿಗೂದಿಲ್ಲ.

ನಮ್ಮ ಭಾಗದ ಲೆಕ್ಕಕ್ಕೆ ತನ್ನದೇ ಶಬ್ದ ಅದಾವು. ದಿನದ ಪುಸ್ತಕ ಕಿರ್ದಿ. ಅದರಿಂದ ಏರಿಸಿದ್ದು ಖತಾವಣಿ. ಜಮಾ, ನಾವೆ, ಬಾಕಿ, ಶಿಲ್ಕು, ಪಾವತಿ, ಪಟ್ಟಿ, ಹಮಾಲಿ. ಹಳೇ ಮುನೀಮರು ಇವತ್ತೂ ಇದರಾಗೇ ಮಾತಾಡ್ತಾರ. ಅದರ ಜೋಡಿ ಎಂಟ್ರಿ, ಬಿಲ್ಲು, ಜಿಎಸ್‌ಟಿ, ಬ್ಯಾಕಪ್ ಅನ್ನೂವೂ ಈಗ ನಮ್ಮ ಶಬ್ದಗಳೇ. ಯಾವುದನ್ನೂ ಓಡಿಸಬೇಕಾಗಿಲ್ಲ. ಯಾವ ಅಂಗಡಿಯಾಗ ಯಾವುದು ನಡೀತದೋ ಅದನ್ನ ಒಂದು ಪಟ್ಟಿ ಮಾಡಿ, ‘ಈ ಅರ್ಥಕ್ಕೆ ಇದೇ ಶಬ್ದ, ಬೇರೆ ಬೇಡ’ ಅಂತ ಏಜೆಂಟ್‌ಗೆ ಕೊಟ್ಟರೆ ಸಾಕು.

ನಿಘಂಟು ಇಲ್ಲೇನು? ಐತಿ, ದೊಡ್ಡದೇ ಐತಿ. ವಿ. ಕೃಷ್ಣ ಅವರು ಕಟ್ಟಿದ ‘ಅಲರ್’ ಕನ್ನಡ ಇಂಗ್ಲಿಷ್ ನಿಘಂಟಿನಲ್ಲಿ 1,50,000ಕ್ಕೂ ಹೆಚ್ಚು ಕನ್ನಡ ಶಬ್ದಗಳಿವೆ. ಜೆರೋಧಾದ ಕೈಲಾಶ್ ನಾಧ್ ಅದಕ್ಕೆ ಜಾಲತಾಣ ಮಾಡಿಕೊಟ್ಟು, ಇಡೀ ದತ್ತಾಂಶ ಎಲ್ಲರಿಗೂ ಮುಕ್ತ ಪರವಾನಗಿಯಲ್ಲಿ ಸಿಗೋ ಹಂಗ ಆಗಿದೆ. ಒಬ್ಬ ಮನುಷ್ಯ ಇಷ್ಟು ಶಬ್ದ ಕೂಡಿಸಿ ನಮ್ಮ ಕೈಗೆ ಕೊಟ್ಟಿರೋದು ಸಣ್ಣ ಮಾತಲ್ಲ. ಏಜೆಂಟ್‌ಗೂ ಅದನ್ನ ತೋರಿಸಬಹುದು.

ಆದರೆ ನಿಘಂಟು ಒಂದು ಶಬ್ದಕ್ಕೆ ಇರೋ ಎಲ್ಲಾ ಅರ್ಥ ಹೇಳುತ್ತೆ. ನಿಮ್ಮ ಅಂಗಡಿಯಾಗ ‘ಪಟ್ಟಿ’ ಅಂದರೆ ಯಾವ ಅರ್ಥ ಅಂತ ಹೇಳೂದಿಲ್ಲ. ಬಿಲ್ಲೋ, ಚಂದಾನೋ, ಗಾಯಕ್ಕ ಕಟ್ಟೂದೋ? ಅದನ್ನ ನೀವೇ ಹೇಳಬೇಕು.

ಭಾಗ 7/8

ಮಾತು ಸಾಕು, ಪುಟ ನೋಡ್ರಿ. ಇದು ಮಾದರಿ. ನಕಲು ಮಾಡ್ಕೊಂಡು ನಿಮ್ಮ ಅಂಗಡಿಗೆ ತಕ್ಕಂಗ ಬದಲಾಯಿಸ್ರಿ.

ಹೆಸರು: ಕೈಪಿಡಿ ಬರೆಯುವವ.

ಯಾವಾಗ ಕರೆಯಬೇಕು: ಪಟ್ಟಿ ಅಥವಾ ಬಿಲ್ಲಿನ ಲೆಕ್ಕ ವಿವರಿಸಬೇಕಾದಾಗ ಮಾತ್ರ.

ಓದುಗ: ಪಿಯುಸಿ ಓದಿದ, ಇಂಗ್ಲಿಷ್ ಅಷ್ಟಾಗಿ ಬರದ, ಈ ವಾರ ಕೆಲಸಕ್ಕೆ ಸೇರಿದ ಗುಮಾಸ್ತ.

ಓದಬೇಕಾದ್ದು: ‘ನಕಲು’ ಫೋಲ್ಡರ್, ‘ಶಬ್ದಪಟ್ಟಿ’ ಕಡತ, ‘ಮಾದರಿ ಪುಟ’ ಕಡತ.

ಬರೆಯಬೇಕಾದ್ದು: ‘ಕೈಪಿಡಿ’ ಫೋಲ್ಡರ್‌ನಲ್ಲಿ ಮಾತ್ರ.

ಯಾವಾಗಲೂ: ಒಂದು ಕೆಲಸಕ್ಕೆ ಒಂದು ಪುಟ. ಹೆಜ್ಜೆಗಳಿಗೆ ಅಂಕಿ. ಪರದೆಯ ಮೇಲೆ ಇರುವ ಹೆಸರನ್ನೇ ಬಳಸು. ಪ್ರತಿ ಲೆಕ್ಕಕ್ಕೆ ಸಣ್ಣ ಅಂಕಿಗಳ ಒಂದು ಉದಾಹರಣೆ. ಪ್ರತಿ ಲೆಕ್ಕದ ಮುಂದೆ ಕಡತದ ಹೆಸರು, ಸಾಲಿನ ಸಂಖ್ಯೆ.

ಕೇಳಿ ಮಾಡು: ಶಬ್ದಪಟ್ಟಿಯಲ್ಲಿ ಇಲ್ಲದ ಹೊಸ ಶಬ್ದ. ಹಳೆಯ ಪುಟ ಅಳಿಸುವುದು.

ಎಂದೂ ಬೇಡ: ಕೋಡ್ ತಿದ್ದುವುದು. ದರ ಊಹಿಸುವುದು. ಕಾರಣ ಗೊತ್ತಿಲ್ಲದ ಕಡಿತಕ್ಕೆ ಕಾರಣ ಕಟ್ಟುವುದು. ಜನರ ಹೆಸರು ಬರೆಯುವುದು.

ಕೊನೆಗೆ: ‘ಮನುಷ್ಯರು ನೋಡಬೇಕಾದದ್ದು’ ಎಂಬ ಪಟ್ಟಿ.

ಇಷ್ಟೇ. ಉದ್ದ ಮಾಡಬ್ಯಾಡ್ರಿ. ಮೊದಲು ಸಣ್ಣದಾಗಿ ಶುರು ಮಾಡ್ರಿ, ಅದು ಎಲ್ಲಿ ದಾರಿ ತಪ್ಪುತ್ತೋ ಆ ಜಾಗಕ್ಕೆ ಒಂದು ಸಾಲು ಕೂಡಸ್ರಿ. ‘ಮಾದರಿ ಪುಟ’ ಮಾತ್ರ ನೀವೇ ಕೈಯಾರೆ ಬರೀಬೇಕು. ಒಂದು ಒಳ್ಳೆ ಪುಟ ಹತ್ತು ಸೂಚನೆಗೆ ಸಮ.

ಒಂದು ಕಿವಿಮಾತು. ಡೇನಿಯಲಿ ಪ್ರೊಚಿಡಾ ಅನ್ನೋರು ‘ಡಯಾಟಾಕ್ಸಿಸ್’ ಅನ್ನೋ ಹೆಸರಿನಲ್ಲಿ ಡಾಕ್ಯುಮೆಂಟೇಷನ್‌ನ ನಾಲ್ಕು ಬಗೆ ಮಾಡ್ತಾರೆ: ಕಲಿಯೋರಿಗೆ ಪಾಠ, ಕೆಲಸ ಮಾಡೋರಿಗೆ ಹೆಜ್ಜೆಗಳು, ಹುಡುಕೋರಿಗೆ ಪಟ್ಟಿ, ಯಾಕೆ ಅಂತ ಕೇಳೋರಿಗೆ ವಿವರಣೆ. ನಾಲ್ಕೂ ಕಲಸಿದರೆ ಯಾರಿಗೂ ಉಪಯೋಗ ಇಲ್ಲ. ಗಿರಾಕಿ ನಿಂತಾಗ ಗುಮಾಸ್ತನಿಗೆ ಬೇಕಾದ್ದು ಹೆಜ್ಜೆ, ಪಾಠ ಅಲ್ಲ. ಅದಕ್ಕೇ ಮೇಲಿನ ಪುಟದಾಗ ಹೆಜ್ಜೆ ಮಾತ್ರ ಕೇಳಿದ್ದೀನಿ.

ಭಾಗ 8/8

ಇಷ್ಟು ಓದಿದವರು ಕೇಳ್ತೀರಿ: ‘ಏಜೆಂಟ್‌ಗೆ ಇಷ್ಟೆಲ್ಲ ಹೇಳೋ ಬದಲು ಕೈಪಿಡಿನೇ ಬರೆದುಬಿಡಬಹುದಲ್ಲ?’ ನ್ಯಾಯವಾದ ಪ್ರಶ್ನೆ. ಮೂರು ಪರದೆ ಇರೋ ಅಂಗಡಿಗೆ ಕೈಯಾಗೇ ಬರೀರಿ, ಏಜೆಂಟ್ ಬ್ಯಾಡ. ಆದರೆ ದರ ಬದಲಾಗುತ್ತೆ, ಬಿಲ್ಲಿನ ನಮೂನೆ ಬದಲಾಗುತ್ತೆ, ಕೋಡ್ ಬದಲಾಗುತ್ತೆ. ಪ್ರತಿ ಸಲ ಕೈಪಿಡಿ ತಿದ್ದೋರು ಯಾರು? ಯಾರೂ ತಿದ್ದೂದಿಲ್ಲ, ಅದಕ್ಕೇ ಹಳೇ ಕೈಪಿಡಿ ಮೂಲೆಗೆ ಬೀಳ್ತದ. ಪುಟ ಒಮ್ಮೆ ಸರಿಯಾಗಿ ಬರೆದಿಟ್ಟರೆ ಮುಂದಿನ ಸಲ ಹೊಸ ಕಡತ ಕೊಟ್ಟು ಮತ್ತ ಓಡಿಸಬಹುದು. ನೋಡೋ ಕೆಲಸ ಮಾತ್ರ ನಮ್ಮದು ಉಳೀತದ.

‘ಎಐ ಬಂದು ಅಕೌಂಟೆಂಟ್ ಕೆಲಸ ತಿನ್ನತೈತಿ’ ಅನ್ನೋರಿಗೆ ನನ್ನ ಉತ್ತರ ಐದನೇ ಭಾಗದಾಗೇ ಐತಿ. ಬರೀ ಎಂಟ್ರಿ ಹೊಡೆಯೋ ಕೆಲಸ ಕಡಿಮೆ ಆಗಬಹುದು, ಅದನ್ನ ಮುಚ್ಚಿಡೂದರಾಗ ಅರ್ಥ ಇಲ್ಲ. ಆ 1,400 ರೂಪಾಯಿ ಯಾರ ಕಿಸೆಯಿಂದ ಹೋಗಬೇಕು ಅಂತ ಕೇಳೋ ಕೆಲಸ ಕಡಿಮೆ ಆಗೂದಿಲ್ಲ.

ದೊಡ್ಡ ಮಾತು ಒಂದು ಹೇಳಿ ಮುಗಸ್ತೀನಿ. ನಮ್ಮ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಾಗ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ಅಲ್ಲಿಂದ ಬೆಳೀತು ಅಂತ ನಮ್ಮ ಪಠ್ಯದಾಗೇ ಐತಿ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನ ಕಂಪ್ಯೂಟರೀಕರಣ ಮಾಡಲಿಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಸ್ಥಳೀಯ ಭಾಷೆಯಲ್ಲಿರುತ್ತೆ ಅಂತ ಆವತ್ತೇ ಹೇಳಿದರು. ಬಟನ್ ಕನ್ನಡದಾಗ ಬರೋದು ಮೊದಲ ಹೆಜ್ಜೆ. ಸಾಲದ ಬಡ್ಡಿ ಹೆಂಗ ಬಂತು ಅಂತ ಸಂಪಗಾವದ ರೈತ ಕೇಳಿದಾಗ ಸೊಸೈಟಿ ಸೆಕ್ರೆಟರಿ ತೆಗೆದು ತೋರಿಸೋ ಹಂಗ ಒಂದು ಕನ್ನಡದ ಪುಟ ಇರೋದು ಮುಂದಿನ ಹೆಜ್ಜೆ. ಆ ಪುಟ ದಿಲ್ಲಿಯಾಗ ಕೂತವರು ಬರೆಯೋದಕ್ಕಿಂತ ಕಿತ್ತೂರು, ಸವದತ್ತಿ, ರಾಮದುರ್ಗದ ಬಿಕಾಂ ಹುಡುಗ ಹುಡುಗಿಯರು ಬರೆಸಿದರೆ ಅದು ಓದೋ ಹಂಗಿರುತ್ತೆ.

ಮೊದಲು ಶಬ್ದಪಟ್ಟಿ ಮಾಡೋಣ. ನಿಮ್ಮ ಮನೆ, ಅಂಗಡಿ, ಸೊಸೈಟಿಯ ಲೆಕ್ಕದ ಪುಸ್ತಕದಾಗ ಬಳಸೋ ಐದು ಶಬ್ದ, ಅವುಗಳ ಅರ್ಥ ಕಾಮೆಂಟ್‌ನಾಗ ಹಾಕ್ರಿ. ಅಜ್ಜನ್ನ ಕೇಳಿ ಹಾಕಿದರೆ ಇನ್ನೂ ಛಲೋ. 200 ಶಬ್ದ ಕೂಡಿದ ದಿನ ಎಲ್ಲಾ ಒಂದು ಕಡತ ಮಾಡಿ ಎಲ್ಲರಿಗೂ ಪುಕ್ಕಟೆ ಹಾಕ್ತೀನಿ.

#ಬೈಲಹೊಂಗಲ #ಬಿಕಾಂಮಂದಿ #ಕನ್ನಡದಾಗಎಐ #ಲೆಕ್ಕದಕನ್ನಡ